ಹಿಡಿ ಅಕ್ಕಿಯ ಡಬ್ಬಿಯಲ್ಲಿ ಹಳದಿ ಕಾಳು

ಅದು 2023ರ ಜನವರಿ. ಕ್ರಿಸ್‌ಮಸ್‌ಗೆಂದು ಬಾಗಿಲಿಗೆ ಕಟ್ಟಿದ್ದ ಕಾಗದದ ನಕ್ಷತ್ರ ಇನ್ನೂ ಅಲ್ಲೇ ನೇತಾಡುತ್ತಿತ್ತು. ಪ್ರತಿವರ್ಷ ಹೊಸ ವರ್ಷದ ಆರಾಧನೆ ಮುಗಿಸಿ ಬಂದ ಮೇಲೆ ಸ್ಟೂಲ್ ಹತ್ತಿ ಅದನ್ನು ಇಳಿಸುವುದು ನನ್ನ ಯಜಮಾನರು ಜಯಕರ ಅವರ ಕೆಲಸ. ಆ ವರ್ಷ ಅವರಿಗೆ ಸ್ಟೂಲ್ ಹತ್ತಲು ಆಗಲಿಲ್ಲ. ಗ್ಯಾಸ್ಟ್ರಿಕ್ ಇರಬೇಕು ಎಂದು ಮಾತ್ರೆ ನುಂಗುತ್ತಾ ಬಂದಿದ್ದ ಹೊಟ್ಟೆನೋವಿಗೆ ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಪ್ಯಾಂಕ್ರಿಯಾಸ್ ಕ್ಯಾನ್ಸರ್, ಲಿವರ್‌ಗೂ ಹರಡಿದೆ ಎಂದರು.

ನಮ್ಮದು ಯಲಹಂಕದ ಹತ್ತಿರ ಅಟ್ಟೂರು ಲೇಔಟಿನಲ್ಲಿ ಸಣ್ಣ ಮನೆ. ಕೆಳಗೆ ನಾನು, ಯಜಮಾನರು, ನಮ್ಮ ಅತ್ತೆ ಸುಂದರಮ್ಮ. ನಮಗೆ ಮಕ್ಕಳಿಲ್ಲ. ಮೇಲಿನ ಮನೆಯಲ್ಲಿ ಗದಗದ ಕಡೆಯಿಂದ ಬಂದ ಮಹಾದೇವಿ ಮತ್ತು ಅವಳ ಗಂಡ ಬಾಡಿಗೆಗೆ ಇದ್ದರು. ಬಂದು ಆರು ತಿಂಗಳೂ ಆಗಿರಲಿಲ್ಲ.

ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹುಟ್ಟಾ ಅನುಮಾನದ ಪ್ರಾಣಿ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಅನ್ನಿಸುತ್ತದೆ. ಕಾಯಿಲೆ ಮನೆಗೆ ಬಂದ ಮೇಲೆ ಅದು ಇನ್ನೂ ಹೆಚ್ಚಾಯಿತು. ಪ್ರಾರ್ಥನೆ ಮಾಡಲು ಬಂದವರೆಲ್ಲ ನಿಜವಾಗಿ ಪ್ರಾರ್ಥನೆಗೇ ಬಂದರೋ, ಇವರು ಎಷ್ಟು ಇಳಿದುಹೋಗಿದ್ದಾರೆ ಎಂದು ನೋಡಲು ಬಂದರೋ ಎಂದು ಅವರ ಮುಖವನ್ನೇ ನೋಡುತ್ತಾ ಕೂರುತ್ತಿದ್ದೆ. ಎಲ್ಲರೂ ಕಣ್ಣು ಮುಚ್ಚಿದಾಗ ನನ್ನ ಕಣ್ಣು ತೆರೆದೇ ಇರುತ್ತಿತ್ತು.

ಮೇಲಿನ ಮಹಾದೇವಿಯ ಮೇಲಂತೂ ಮೊದಲಿಂದಲೂ ಒಂದು ಕಣ್ಣಿಟ್ಟಿದ್ದೆ. ಕೇಳದೆಯೇ ಸಹಾಯಕ್ಕೆ ಬರುವವರನ್ನು ಕಂಡರೆ ನನಗೆ ಆಗುವುದಿಲ್ಲ. ಯಜಮಾನರನ್ನು ಅಡ್ಮಿಟ್ ಮಾಡಿದ ದಿನವೇ ಅವಳು ಇಳಿದು ಬಂದು, ಅತ್ತೆಯ ಊಟ ತಾನು ನೋಡಿಕೊಳ್ಳುತ್ತೇನೆ ಎಂದಳು. ಅತ್ತೆಗೆ ಕಣ್ಣು ಅಷ್ಟಾಗಿ ಕಾಣದು, ಒಬ್ಬರನ್ನೇ ಬಿಟ್ಟುಹೋಗುವಂತಿರಲಿಲ್ಲ. ಬೇರೆ ದಾರಿಯಿಲ್ಲದೆ ಮನೆಯ ಬೀಗದ ಕೈ ಕೊಟ್ಟೆ. ಒಂದು ದಿನ ಅವಳು ಮಾತಿನ ನಡುವೆ ಮನೆ ಯಾರ ಹೆಸರಿನಲ್ಲಿದೆ ಎಂದು ಕೇಳಿದಳು. ಅದು ನನ್ನ ತಲೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು.

ಈಗ ಡಬ್ಬಿಯ ವಿಷಯ ಹೇಳಬೇಕು. ನಮ್ಮ ಕ್ರೈಸ್ತ ಸಭೆಯಲ್ಲಿ ಹಿಡಿ ಅಕ್ಕಿ ಎಂಬ ಪದ್ಧತಿ ಇದೆ. ಅನ್ನಕ್ಕೆ ಅಕ್ಕಿ ಅಳೆದ ಮೇಲೆ, ತೊಳೆಯುವ ಮೊದಲು, ಅದರಿಂದ ಒಂದು ಹಿಡಿಯನ್ನು ದೇವರಿಗೆಂದು ಬೇರೆ ಡಬ್ಬಿಗೆ ಹಾಕಬೇಕು. ತಿಂಗಳಿಗೊಮ್ಮೆ ಅದನ್ನು ಗುಡಿಗೆ, ಅಂದರೆ ನಮ್ಮ ಚರ್ಚಿಗೆ, ಒಯ್ದು ದೊಡ್ಡ ಪಾತ್ರೆಗೆ ಸುರಿಯುತ್ತೇವೆ. ಅಲ್ಲಿಂದ ಅದು ಕಷ್ಟದಲ್ಲಿರುವ ಮನೆಗಳಿಗೆ ಹೋಗುತ್ತದೆ. ಅತ್ತೆ ಮದುವೆಯಾಗಿ ಬಂದಾಗಿನಿಂದ ಆ ಡಬ್ಬಿ ನಿಂತದ್ದೇ ಇಲ್ಲ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಆದರೆ ಆ ದಿನಗಳಲ್ಲಿ ನಾನು ಅಡುಗೆಯನ್ನೇ ಮಾಡುತ್ತಿರಲಿಲ್ಲ. ಆಸ್ಪತ್ರೆಯ ಕ್ಯಾಂಟೀನಿನ ಇಡ್ಲಿಯೇ ನನ್ನ ಊಟ. ಅಕ್ಕಿ ಅಳೆಯದ ಮೇಲೆ ಹಿಡಿ ಎಲ್ಲಿಂದ ಬರಬೇಕು?

ಯಜಮಾನರ ಭಕ್ತಿ ಮಾತ್ರ ಒಂದಿಷ್ಟೂ ಅಲುಗಲಿಲ್ಲ. ಸಂಜೆಯಾದರೆ ಮನೆಗೆ ಫೋನ್ ಮಾಡಿ ಸ್ಪೀಕರ್ ಹಾಕಿಸುತ್ತಿದ್ದರು. ಅಲ್ಲಿಂದ ಅತ್ತೆ ಕೀರ್ತನೆ ಹಾಡುತ್ತಿದ್ದರು, ಇಲ್ಲಿಂದ ಇವರು ಉಸಿರು ಎಳೆದುಕೊಂಡು ಜೊತೆಗೂಡುತ್ತಿದ್ದರು. ಪಕ್ಕದ ಹಾಸಿಗೆಯವರೂ ಸುಮ್ಮನೆ ಕೇಳುತ್ತಿದ್ದರು. ಒಂದು ದಿನ ಎರಡು ಚಮಚ ಗಂಜಿ ಕುಡಿದು ದೇವರಿಗೆ ಸ್ತೋತ್ರ ಎಂದಾಗ ನನಗೆ ಸಿಟ್ಟೇ ಬಂತು. ಯಾವುದಕ್ಕೆ ಸ್ತೋತ್ರ ಎಂದು ಕೇಳಿದೆ.

“ಇವತ್ತು ವಾಂತಿ ಆಗ್ಲಿಲ್ವಲ್ಲ ಲೀಲಾ,” ಎಂದರು.

ನನಗೆ ಅಷ್ಟರಿಂದ ಸಮಾಧಾನವಾಗುವ ಹಾಗಿರಲಿಲ್ಲ. ನನಗೆ ಬೇಕಾಗಿದ್ದದ್ದು ಗಂಡ ಉಳಿಯುವುದು, ಬೇರೇನೂ ಅಲ್ಲ.

ನಡುವೆ ಅವರನ್ನು ಕೆಲವು ದಿನ ಮನೆಗೆ ಕಳಿಸಿದರು. ಆಗ ಎಸ್ತೇರಮ್ಮ ಎಂಬವರು ನೋಡಲು ಬಂದರು. ಅವರು ನಮ್ಮ ಸಭೆಯವರಲ್ಲ, ಬೇರೊಂದು ಪ್ರಾರ್ಥನಾ ಕೂಟಕ್ಕೆ ಹೋಗುವವರು. ಜೋರಾಗಿ ಪ್ರಾರ್ಥನೆ ಮಾಡಿ, ಮನೆಯ ಮೂಲೆಮೂಲೆ ನೋಡಿ, ಹೊರಡುವಾಗ ನನ್ನನ್ನು ಗೇಟಿನ ಹತ್ತಿರ ಕರೆದು, “ಈ ಮನೆಯೊಳಗೆ ಏನೋ ಇಟ್ಟಿದಾರೆ ಕಣಮ್ಮ. ಯಾರು ಒಳಗೆ ಬಂದು ಹೋಗ್ತಾರೆ ನೋಡ್ಕೋ,” ಎಂದರು.

ಮಾಟಮಂತ್ರವನ್ನು ನಂಬಬಾರದು ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು ನಾನು. ಎಸ್ತೇರಮ್ಮನ ಮೇಲೂ ನನಗೆ ನಂಬಿಕೆಯಿರಲಿಲ್ಲ. ಆದರೆ ಗಂಡ ಹಾಸಿಗೆ ಹಿಡಿದಾಗ ಇಂಥ ಮಾತು ಕಿವಿಗೆ ಬಿದ್ದರೆ ಹೊರಗೆ ಹೋಗುವುದಿಲ್ಲ. ಮಂಚದ ಕೆಳಗೆ ನೋಡಿದೆ, ಗಿಡದ ಬುಡ ಕೆದಕಿದೆ, ಅಟ್ಟವನ್ನೂ ಬಿಡಲಿಲ್ಲ. ಕೊನೆಗೆ ಅಡುಗೆಮನೆಗೆ ಬಂದು ಹಿಡಿ ಅಕ್ಕಿಯ ಡಬ್ಬಿ ತೆರೆದೆ. ತಳದಲ್ಲಿ ಇರಬೇಕಾಗಿದ್ದ ಅಕ್ಕಿ ಅರ್ಧ ಡಬ್ಬಿಗೆ ಬಂದಿತ್ತು.

ಅತ್ತೆಯನ್ನು ಕೇಳಿದೆ. ಅವರು ಸುಮ್ಮನೆ, “ಡಬ್ಬಿ ನಡೀತಿದೆಯಲ್ಲ, ಬಿಡು,” ಎಂದು ಮಾತು ತಿರುಗಿಸಿದರು. ಅತ್ತೆ ಮಾತು ತಿರುಗಿಸುವ ಹೆಂಗಸಲ್ಲ. ನನ್ನ ಅನುಮಾನ ಇಮ್ಮಡಿಯಾಯಿತು. ಯಜಮಾನರನ್ನು ಮತ್ತೆ ಅಡ್ಮಿಟ್ ಮಾಡುವ ದಿನ ನಾನೊಂದು ಉಪಾಯ ಮಾಡಿದೆ. ಅಕ್ಕಿಯನ್ನು ಕೈಯಿಂದ ಸಮ ಮಾಡಿ, ಲೋಟವನ್ನು ಬೋರಲು ಹಾಕಿ ಒತ್ತಿದೆ. ದುಂಡಗೆ ಗುರುತು ಮೂಡಿತು. ಮುಚ್ಚಳ ಹಾಕಿ ಆಸ್ಪತ್ರೆಗೆ ಹೋದೆ.

ನಾಲ್ಕೈದು ದಿನ ಕಳೆದು ಬಟ್ಟೆ ತರಲು ಮಧ್ಯಾಹ್ನ ಮನೆಗೆ ಬಂದೆ. ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಡಬ್ಬಿಯ ಹತ್ತಿರ ಹೋದೆ. ಗುರುತು ಮಾಯವಾಗಿತ್ತು. ಅಕ್ಕಿ ಇನ್ನಷ್ಟು ಮೇಲೆ ಬಂದಿತ್ತು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತೇನೋ. ಬಿಳಿ ಅಕ್ಕಿಯ ನಡುವೆ ಅಲ್ಲಲ್ಲಿ ಹಳದಿ ಕಾಳು ಕಂಡಿತು. ಮೂಸಿ ನೋಡಿದೆ. ಅರಿಶಿನ.

ಎಸ್ತೇರಮ್ಮ ಹೇಳಿದ್ದು ಇದೇ ಅನ್ನಿಸಿತು. ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು ಮೇಲಿನ ಮನೆಗೆ ಹೋದೆ. ಇವತ್ತೇ ಮನೆ ಖಾಲಿ ಮಾಡಿಸಬೇಕು ಎಂದು ಮೆಟ್ಟಿಲು ಹತ್ತುವಾಗಲೇ ತೀರ್ಮಾನ ಮಾಡಿದ್ದೆ. ಮಹಾದೇವಿ ರೊಟ್ಟಿ ತಟ್ಟುತ್ತಿದ್ದಳು. ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಡಬ್ಬಿಯನ್ನು ಅವಳ ಮುಂದೆ ಕುಕ್ಕಿ, ಇದರೊಳಗೆ ಏನು ಹಾಕಿದ್ದೀಯ, ಯಾರು ಹೇಳಿ ಹಾಕಿಸಿದರು ಎಂದು ಕೇಳಿದೆ. ನನ್ನ ದನಿ ನನಗೇ ಗುರುತು ಸಿಗದ ಹಾಗಿತ್ತು.

ಅವಳು ಹೆದರಲಿಲ್ಲ. ನಾಚಿಕೊಂಡಳು.

“ಅಮ್ಮಾರು ಹೇಳಿಬಿಟ್ರೇನ್ರಿ? ಯಾರಿಗೂ ಹೇಳಬ್ಯಾಡ್ರಿ ಅಂದಿದ್ದೆ. ನೀವು ದವಾಖಾನಿಗೆ ಓಡ್ಯಾಡಾಕತ್ತಿದ್ರಿ. ದೇವರ ಡಬ್ಬಿ ನಿಂತು ಹೋಗತೈತಿ ಅಂತ ಅಮ್ಮಾರು ಒಂದಿನ ಭಾಳ ಅತ್ರು. ನಮ್ಮ ಕಡೆನೂ ಮಠಕ್ಕ ಹಿಂಗ ಮುಷ್ಟಿ ಜ್ವಾಳ ತಗದಿಡತೇವ್ರಿ, ನನಗೇನು ಹೊಸಾದಲ್ಲ. ಅದಕ್ಕ ನಮ್ಮ ಅಕ್ಕಿಯೊಳಗ ಒಂದು ಹಿಡಿ ತಂದು ಹಾಕತಿದ್ದೆ.”

ಅರಿಶಿನ ಯಾಕೆ ಬಂತು ಎಂದು ಕೇಳಿದೆ. ಅಷ್ಟು ಸುಲಭಕ್ಕೆ ಬಿಡುವವಳಲ್ಲ ನಾನು.

“ಪೂಜಿ ಮಾಡಿದ ಕೈಲೆ ಹಿಡದಿರತೇನಲ್ರಿ, ಹತ್ತಿರಬೇಕು. ಮೊದಲು ನಮ್ಮ ದೇವರ ಮುಂದ ಹಿಡದು, ಅಣ್ಣಾರಿಗೆ ಆರಾಮ ಮಾಡಪಾ ಅಂತೇನಿ. ಆಮ್ಯಾಲೆ ನಿಮ್ಮ ಡಬ್ಬಿಗೆ ಹಾಕತೇನಿ. ಇಬ್ಬರಿಗೂ ಗೊತ್ತಿರ್ಲಿ ಅಂತ್ರಿ.”

ಡಬ್ಬಿ ಎತ್ತಿಕೊಂಡು ಕೆಳಗೆ ಬಂದು ಅತ್ತೆಯ ಹತ್ತಿರ ಮತ್ತೆ ವಿಚಾರಣೆ ಮಾಡಿದೆ. ಹೌದು, ಅವಳೇ ಹಾಕುತ್ತಿದ್ದಾಳೆ ಎಂದರು. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದು ಬೈಬಲಿನಲ್ಲಿ ನಮ್ಮ ಕರ್ತನೇ ಹೇಳಿದ್ದಾನಲ್ಲ, ನಾನು ಹೇಗೆ ಹೇಳಲಿ ಎಂದು ನನ್ನನ್ನೇ ಕೇಳಿದರು. ಮನೆ ಯಾರ ಹೆಸರಿನಲ್ಲಿದೆ ಎಂದು ಮಹಾದೇವಿ ಕೇಳಿದ್ದು ಬಾಡಿಗೆ ಕರಾರು ಬರೆಸಲಿಕ್ಕಂತೆ. ಅದೂ ಆಗಲೇ ತಿಳಿಯಿತು.

ಆದರೂ ಒಂದು ಕೊಕ್ಕೆ ಉಳಿದಿತ್ತು. ಅರಿಶಿನ ಹತ್ತಿದ, ಬೇರೆ ದೇವರ ಮುಂದೆ ಹಿಡಿದ ಅಕ್ಕಿಯನ್ನು ನಮ್ಮ ಗುಡಿಗೆ ಒಯ್ಯಬಹುದೇ? ಆಸ್ಪತ್ರೆಗೆ ಹೋಗಿ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಲೋಟದ ಗುರುತಿನ ಉಪಾಯ ಹೇಳುವಾಗಲೇ ಅವರಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು, ನೋವಿನಲ್ಲೇ ನಕ್ಕರು. ಕಾಯಿಲೆ ಬಂದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

“ಅರಿಶಿನ ತಾನೆ? ತೊಳೆದ್ರೆ ಹೋಗುತ್ತೆ ಕಣೇ,” ಎಂದರು. ಆ ಸಂಜೆ ಫೋನಿನ ಪ್ರಾರ್ಥನೆಯಲ್ಲಿ ಮಹಾದೇವಿಯ ಹೆಸರು ಹೇಳಿ ಅವಳ ಮನೆಗಾಗಿ ಬೇಡಿಕೊಂಡರು. ಆ ಕಡೆ ಅತ್ತೆಯ ಪಕ್ಕದಲ್ಲಿ ಅವಳೂ ಕೂತಿದ್ದಳಂತೆ. ತನ್ನ ಹೆಸರು ಕೇಳಿ ಸೆರಗು ಕಣ್ಣಿಗೆ ಒತ್ತಿಕೊಂಡಳು ಎಂದು ಅತ್ತೆ ಆಮೇಲೆ ಹೇಳಿದರು.

ಇಬ್ಬರು ದೇವರಿಗೂ ಗೊತ್ತಿದ್ದರೂ ನನ್ನ ಗಂಡ ಉಳಿಯಲಿಲ್ಲ. ಈಸ್ಟರ್ ಮುಗಿದ ವಾರದಲ್ಲಿ ಹೋಗಿಬಿಟ್ಟರು. ಕೊನೆಯವರೆಗೂ ಅವರ ಮುಖದಲ್ಲಿ ಭಯವಿರಲಿಲ್ಲ. ಭಯವೆಲ್ಲ ನನ್ನ ಪಾಲಿಗೆ ಬಂದಿತ್ತು. ಸಮಾಧಿಯ ದಿನ ಬಾಗಿಲಲ್ಲಿ ಆ ನಕ್ಷತ್ರ ಇನ್ನೂ ಇತ್ತು, ಬಣ್ಣ ಹೋಗಿ ಬಿಳಿಚಿಕೊಂಡಿತ್ತು.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಸಭೆಯವರು ಊಟ ತಂದುಕೊಟ್ಟರು. ಮೂರನೆಯ ದಿನದ ಪ್ರಾರ್ಥನೆ ಮುಗಿದು, ಬಂದವರೆಲ್ಲ ಹೋದ ಮೇಲೆ ನಾನು ಅಡುಗೆಮನೆಗೆ ಹೋದೆ. ಮೂವರಿಗೆ ಅಳೆದ ಅಕ್ಕಿಯನ್ನು ಇಬ್ಬರಿಗೆ ಕಡಿಮೆ ಮಾಡುವಾಗ ಅಳು ತಡೆಯಲಾಗಲಿಲ್ಲ. ಅತ್ತೆ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು. ಒಬ್ಬನೇ ಮಗನನ್ನು ಮಣ್ಣಿಗೆ ಕೊಟ್ಟ ತಾಯಿ. ದೇವರ ಹಿಡಿ ತೆಗೆದಿಟ್ಟೆಯಾ ಎಂದು ಕೇಳಿದರು.

ನಾನು ಸಿಡಿದುಬಿದ್ದೆ. ಏನು ಕೊಟ್ಟ ಎಂದು ಇನ್ನೂ ಅವನಿಗೆ ಕೊಡಬೇಕು ಎಂದೆ.

ಅತ್ತೆ ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟರು.

“ಅವನು ಕೊಟ್ಟಿದ್ದಕ್ಕೆ ಅಲ್ಲ ಕಣಮ್ಮ. ನಮ್ಮನೇಲಿ ಒಲೆ ಹತ್ತಿತಲ್ಲ. ಹತ್ತದೇ ಇರೋ ಮನೆ ಎಲ್ಲೋ ಇದ್ದೇ ಇರುತ್ತೆ.”

ನಾನು ಕಣ್ಣೊರೆಸಿಕೊಂಡು ಡಬ್ಬಿಯ ಮುಚ್ಚಳ ತೆಗೆದೆ. ನಮ್ಮ ಒಲೆ ಹತ್ತದ ದಿನಗಳಲ್ಲೂ ಯಾರೋ ಬಂದು ಹಾಕಿ ಹೋಗಿದ್ದರು. ಮೇಲೆಯೇ ಹಳದಿ ಕಾಳು ಕಾಣುತ್ತಿತ್ತು. ಅದರ ಮೇಲೆ ನನ್ನ ಹಿಡಿಯನ್ನು ಹಾಕಿದೆ.

ಅತ್ತೆ ಈಗಲೂ ಸಂಜೆ ಹಾಡುತ್ತಾರೆ, ಜೊತೆಗೆ ನಾನು ದನಿಗೂಡಿಸುತ್ತೇನೆ. ನನ್ನ ಯಜಮಾನರನ್ನು ದೇವರು ಯಾಕೆ ಉಳಿಸಲಿಲ್ಲ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಾದಂತೆ ನಟಿಸುವುದೂ ಇಲ್ಲ. ನನ್ನ ಅನುಮಾನದ ಬುದ್ಧಿಯೂ ಹೋಗಿಲ್ಲ. ಬೇಡ ಎಂದರೂ ಕೇಳದೆ ಮಹಾದೇವಿ ಹಿಡಿ ಹಾಕುವುದನ್ನು ನಿಲ್ಲಿಸಿಲ್ಲ. ಬೆಳಿಗ್ಗೆ ಅಕ್ಕಿ ಅಳೆದು ಡಬ್ಬಿ ತೆರೆದಾಗ ಮೊದಲು ಹಳದಿ ಕಾಳಿಗಾಗಿ ಹುಡುಕುತ್ತೇನೆ. ಅದು ಕಾಣದ ದಿನ ಮನಸ್ಸಿಗೆ ಏನೋ ಅನುಮಾನ, ಮೇಲಿನ ಮನೆಯಲ್ಲಿ ಯಾರಿಗೋ ಹುಷಾರಿಲ್ಲವೇನೋ ಎಂದು. ಒಲೆ ಸಣ್ಣಗೆ ಮಾಡಿ, ಮೆಟ್ಟಿಲು ಹತ್ತಿ ನೋಡಿಕೊಂಡು ಬರುತ್ತೇನೆ.