ಅರುಣಾ ಮಿಸ್ ತೆಗೆದ ಫೋಟೊ

ಅರುಣಾ ಮಿಸ್ ಈಗ ಮಕ್ಕಳಿಂದ ಅವರವರ ಎದೆ ಮುಟ್ಟಿಸಿ ಏನನ್ನೂ ಹೇಳಿಸುವುದಿಲ್ಲ. ಹೋದ ವರ್ಷದವರೆಗೂ ಹೇಳಿಸುತ್ತಿದ್ದಳು. ಮಂಗಳವಾರ ಕೊನೆಯ ಪೀರಿಯಡ್ಡಿಗೆ ಅವಳು ಒಂಬತ್ತನೇ ತರಗತಿಗೆ ಕಾಲಿಟ್ಟರೆ ಸಾಕು, ಮಕ್ಕಳೆಲ್ಲ ಎದ್ದು ನಿಂತು, ಬಲಗೈ ಎದೆಗಿಟ್ಟುಕೊಂಡು, "ಹಸಿದರೂ ಹಂಚಿ ತಿನ್ನುವೆ, ನಡುಗಿದರೂ ನಿಜ ಹೇಳುವೆ" ಎಂದು ಸೂರು ಹಾರಿಹೋಗುವಂತೆ ಕೂಗುತ್ತಿದ್ದರು. ಪಕ್ಕದ ಕೋಣೆಯಲ್ಲಿ ಹತ್ತನೆಯವರಿಗೆ ವರ್ಗ ಸಮೀಕರಣ ಹೇಳಿಕೊಡುತ್ತಿದ್ದ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ವಿರೂಪಮ್ಮ, ಗಣಿತದ ಟೀಚರು. ನಮ್ಮದು ಸಿರುಗುಪ್ಪ ತಾಲೂಕಿನಲ್ಲಿ, ತೆಕ್ಕಲಕೋಟೆಯಿಂದ ಒಳಗೆ ಹೋದರೆ ಸಿಗುವ ಒಂದು ಊರಿನ ಸರ್ಕಾರಿ ಪ್ರೌಢಶಾಲೆ. ಊರ ಹೆಸರು ಬೇಡ.

ಅರುಣಾ ಸರ್ಕಾರಿ ಟೀಚರಲ್ಲ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿ ಮೇಲೆ ಅವಳ ಸಂಸ್ಥೆಯ ಆಫೀಸು. ಶಾಲೆ ಮಕ್ಕಳಿಗೆ ದಯೆ, ಪ್ರಾಮಾಣಿಕತೆ, ಧೈರ್ಯ ಕಲಿಸುವ ಸಂಸ್ಥೆಯಂತೆ. ಮೊದಲ ಸಲ ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ.

"ದಯಾ ಕಲಿಸಾಕ ಪೀರಿಯಡ್ ಬೇಕೇನವ್ವಾ? ಹಂಗಾದ್ರ ಪರೀಕ್ಷಿನೂ ಇಡು, ನೂರಕ್ಕ ಎಷ್ಟು ಬೀಳ್ತಾವ ನೋಡೂಣು," ಅಂದೆ.

"ನೀವೂ ಬಂದು ಕುಂದರ್ರಿ ಅಕ್ಕಾ, ನಿಮಗೂ ಬೇಕಾಗೈತಿ," ಅಂದಳು. ಅಂಥ ಬಾಯಿ ಅವಳದು.

ಇಬ್ಬರ ಮನೆಯೂ ಬಳ್ಳಾರಿಯ ಕೌಲ್ ಬಜಾರಿನಲ್ಲೇ. ಉಳಿದ ದಿನ ಅವಳು ಅದೇ ದಾರಿಯ ಬೇರೆ ಶಾಲೆಗಳಿಗೆ ಹೋಗುತ್ತಿದ್ದುದರಿಂದ ದಿನವೂ ಒಂದೇ ಬಸ್ಸಿಗೆ ಹೋಗಿ ಒಂದೇ ಬಸ್ಸಿಗೆ ಬರುವವರು. ಅವಳ ಗಂಡ ಗುರುಸ್ವಾಮಿ ಆಟೊ ಓಡಿಸುತ್ತಿದ್ದವನು. ಆಟೊ ಮಗುಚಿ ಕಾಲಿಗೆ ರಾಡು ಹಾಕಿಸಿಕೊಂಡು ಮನೆ ಹಿಡಿದಿದ್ದ. ಇಡೀ ಮನೆ ನಡೆಯುತ್ತಿದ್ದುದು ಇವಳ ಸಂಬಳದ ಮೇಲೆ. ಆದರೂ ಈ ದಡ್ಡಿ ಬಸ್ಸಿನಲ್ಲಿ ಮುದುಕಿ ಬಂದರೆ ಎದ್ದಳು, ಬಸುರಿ ಬಂದರೆ ಎದ್ದಳು, ಒಮ್ಮೆ ಆಡಿನ ಮರಿ ಎತ್ತಿಕೊಂಡು ಬಂದವನಿಗೂ ಎದ್ದು ಜಾಗ ಬಿಟ್ಟಳು. "ಆಡಿಗೂ ದಯಾ ಬೇಕೇನಲೇ?" ಅಂತ ರೇಗಿದರೆ ಕಂಬ ಹಿಡಿದುಕೊಂಡು ನಗುತ್ತಿದ್ದಳು. ಹೊಟ್ಟೆಯೊಳಗೆ ಕಪಟವಿಲ್ಲದ ಹೆಣ್ಣು. ಅದಕ್ಕೇ ಅವಳ ಮೇಲೆ ನನಗೆ ಅಷ್ಟು ಸಿಟ್ಟು, ಅಷ್ಟೇ ಜೀವ.

ಅವಳ ಆಫೀಸಿನಲ್ಲಿ ಗವಿಸಿದ್ದೇಶ್ ಅಂತ ಒಬ್ಬ ಮೇಲಿನವನಿದ್ದ. ಮಕ್ಕಳು ಮಾಡಿದ ಒಳ್ಳೆ ಕೆಲಸದ ಫೋಟೊ ವಾರಕ್ಕೊಂದು ಅವನಿಗೆ ಹೋಗಬೇಕು. 'ಈ ವಾರದ ಒಳ್ಳೆಯ ಮನಸ್ಸು' ಎಂದು ಹೂವಿನ ಚೌಕಟ್ಟು ಹಾಕಿ ಅವನು ಎಲ್ಲ ವಾಟ್ಸಾಪ್ ಗುಂಪುಗಳಿಗೂ ಬಿಡುತ್ತಿದ್ದ.

ಈಗ ಮೊಟ್ಟೆಯ ವಿಷಯ ಹೇಳಬೇಕು. ನಮ್ಮಲ್ಲಿ ಮಧ್ಯಾಹ್ನದ ಬಿಸಿಯೂಟಕ್ಕೆ ಎರಡು ಸಾಲು. ತಿನ್ನುವವರಿಗೆ ಮೊಟ್ಟೆಯ ಸಾಲು, ತಿನ್ನದವರಿಗೆ ಬಾಳೆಹಣ್ಣಿನ ಸಾಲು. ಲಿಂಗಾಯತರ ಮನೆಯ ಮಕ್ಕಳಲ್ಲಿ ಹೆಚ್ಚಿನವರು ಬಾಳೆಹಣ್ಣಿನ ಕಡೆ. ಹಾಗಂತ ಎಲ್ಲರೂ ಅಲ್ಲ. ಮನೆಯವರಿಗೆ ಗೊತ್ತಾಗದ ಹಾಗೆ ಮೊಟ್ಟೆ ಸಾಲಿಗೆ ನುಸುಳುವವರೂ ಇರುತ್ತಾರೆ. ನಾವು ಟೀಚರುಗಳು ಕಂಡರೂ ಕಾಣದವರ ಹಾಗೆ ಅತ್ತ ಮುಖ ಮಾಡಿ ನಿಲ್ಲುತ್ತೇವೆ. ಹಳ್ಳಿ ಶಾಲೆಯಲ್ಲಿ ಇಪ್ಪತ್ತು ವರ್ಷ ಉಳಿಯಬೇಕಾದರೆ ಕಣ್ಣು ಎಷ್ಟು ಮುಖ್ಯವೋ ಕುರುಡೂ ಅಷ್ಟೇ ಮುಖ್ಯ.

ಗಾದಿಲಿಂಗಪ್ಪನ ಮಗಳು ಶಿವಲೀಲಾ ಒಂಬತ್ತನೇ ತರಗತಿಯಲ್ಲಿದ್ದಳು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಲೆಕ್ಕದಲ್ಲಿ ನನ್ನನ್ನೇ ತಡವರಿಸುವಂತೆ ಮಾಡುವ ತಲೆ. ಆ ಜೂನಿನಿಂದ ಅವಳು ಮೊಟ್ಟೆ ಸಾಲಿಗೆ ನಿಲ್ಲತೊಡಗಿದ್ದಳು. ಅವಳೇನೂ ತಿನ್ನುತ್ತಿರಲಿಲ್ಲ. ಅವಳ ಬಾಜು ಕೂರುವ ದುರ್ಗಾದೇವಿ ಊರ ಹೊರಗಿನ ಕಾಲೊನಿಯವಳು, ತಾಯಿಗೆ ಟಿ.ಬಿ. ಮೊಟ್ಟೆ ತಿನ್ನಿಸಿರೆಂದು ಡಾಕ್ಟರು ಹೇಳಿದ್ದರಿಂದ ದುರ್ಗಿ ತನ್ನ ಪಾಲಿನ ಮೊಟ್ಟೆಯನ್ನು ತಾಯಿಗೆಂದು ಜೇಬಿಗಿಳಿಸಿ, ತಾನು ಬರೀ ಅನ್ನ ಸಾರು ಉಣ್ಣುತ್ತಿದ್ದಳು. ಅದನ್ನು ಕಂಡ ಶಿವಲೀಲಾ ತನ್ನ ಪಾಲಿನದನ್ನು ತಂದು ದುರ್ಗಿಯ ತಟ್ಟೆಗೆ ಹಾಕುತ್ತಿದ್ದಳು. ನಾನು ನೋಡಿದ್ದೆ. ನೋಡಿ, ಅತ್ತ ಮುಖ ಮಾಡಿದ್ದೆ.

ಜನವರಿಯಲ್ಲಿ ಒಂದು ದಿನ ಅರುಣಾ ಊಟದ ಹೊತ್ತಿಗೇ ಬಂದಳು. ನೋಡಿದಳು. ಕಣ್ಣಲ್ಲಿ ನೀರು ತಂದುಕೊಂಡಳು. ಫೋಟೊ ತೆಗೆದಳು.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಫೋನು ನನ್ನ ಮುಖಕ್ಕೆ ಹಿಡಿದು, "ನೋಡ್ರಿ ಅಕ್ಕಾ, ಎಷ್ಟು ಮಂದಿ ಮೆಚ್ಯಾರ!" ಎಂದಳು. ಹೂವಿನ ಚೌಕಟ್ಟಿನೊಳಗೆ ಶಿವಲೀಲಾ. ಹಣೆಯ ವಿಭೂತಿ, ಕೊರಳ ದಾರ, ಬೆರಳ ತುದಿಯಲ್ಲಿ ಸುಲಿದ ಮೊಟ್ಟೆ ಎಲ್ಲ ನಿಚ್ಚಳ. ಕೆಳಗೆ ಹೆಸರು, ತಂದೆಯ ಹೆಸರು, ಊರು.

ಫೋನನ್ನು ಅವಳ ಕೈಯಿಂದ ಕಸಿದುಕೊಂಡೆ. "ಏನ್ ಮಾಡಿದಿ ನೀನು? ನೀನೂ ಲಿಂಗ ಕಟ್ಟೋ ಮನ್ಯಾಗ ಹುಟ್ಟಿದಾಕಿ ಅಲ್ಲೇನ? ಇಷ್ಟೂ ತಿಳಿಯಂಗಿಲ್ಲ?"

ಅವಳ ಮುಖದ ನಗು ನಿಧಾನಕ್ಕೆ ಇಳಿಯಿತು. "ನಾ ಬರೇ ಆ ಕೈ ನೋಡಿದೆ ಅಕ್ಕಾ. ಮೊಟ್ಟಿ ಕಾಣಲಾ ಇಲ್ಲ," ಎಂದಳು. ಸತ್ಯ ಹೇಳುತ್ತಿದ್ದಳು. ಅದೇ ಅವಳ ಕರ್ಮ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗವಿಸಿದ್ದೇಶನಿಗೆ ಅವಳು ಫೋನು ಮಾಡಿ ಗೋಗರೆದಳು. "ಇಷ್ಟು ಓಡಿರೋ ಫೋಟೊ ಯಾರಾದ್ರೂ ತೆಗೀತಾರೇನ್ರೀ ಮೇಡಂ?" ಅಂದನಂತೆ ಆ ಪುಣ್ಯಾತ್ಮ. ಸಂಜೆ ತೆಗೆದ. ಅಷ್ಟರಲ್ಲಿ ಅದು ಊರಿನ ಮೂರು ಗುಂಪು ಸುತ್ತಿ, ಮಠದ ಗುಂಪಿಗೂ ಹೋಗಿ, ಗಾದಿಲಿಂಗಪ್ಪನ ಫೋನಿಗೆ ಬಂದು ಕೂತಿತ್ತು. ಮೊಟ್ಟೆ ತಿಂದವಳು ಎಂದು ಅರ್ಧ ಊರು ಅಂದಿತು. ಕಾಲೊನಿ ಹುಡುಗಿಯ ತಟ್ಟೆಯಲ್ಲಿ ಕೈ ಇಟ್ಟವಳು ಎಂದು ಇನ್ನರ್ಧ ಅಂದಿತು. ಗಡಿಗೆಯ ಬಾಯಿ ಮುಚ್ಚಬಹುದು, ಜನರ ಬಾಯಿ ಮುಚ್ಚಲಾಗುತ್ತದೆಯೇ?

ಗಾದಿಲಿಂಗಪ್ಪ ಕೂಗಾಡಲಿಲ್ಲ. ಶಾಲೆಗೆ ಬಂದು ಕೈಮುಗಿದು ನಿಂತು ಟಿ.ಸಿ. ಕೇಳಿದ. ಮಗಳನ್ನು ಕುರುಗೋಡಿನಲ್ಲಿರುವ ತಂಗಿಯ ಮನೆಗೆ ಕಳಿಸುತ್ತೇನೆ, ಅಲ್ಲೇ ಶಾಲೆಗೆ ಹಾಕುತ್ತೇನೆ ಎಂದ. ಹಾಕುವುದಿಲ್ಲವೆಂದು ಹೆಡ್ಮಾಸ್ತರಿಗೂ ಗೊತ್ತು, ನನಗೂ ಗೊತ್ತು. ಹೀಗೆ ಟಿ.ಸಿ. ತೆಗೆದುಕೊಂಡು ಹೋದ ಹೆಣ್ಣುಮಕ್ಕಳು ಇನ್ನೊಂದು ಶಾಲೆ ಸೇರಿದ್ದನ್ನು ನಾನು ಕಂಡಿದ್ದು ಬಹಳ ಕಡಿಮೆ. ಮನೆಗೆಲಸ ಕಲಿಯುತ್ತಾರೆ, ಆಮೇಲೆ ಎಲ್ಲಾದರೂ ಮದುವೆಯ ಸುದ್ದಿ ಬರುತ್ತದೆ.

ಆಮೇಲಿನ ದಿನಗಳಲ್ಲಿ ಅರುಣಾ ಅರುಣಾಳಾಗಿ ಉಳಿಯಲಿಲ್ಲ. ಗಾದಿಲಿಂಗಪ್ಪನ ಮನೆಯ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದಳು. ಅವನ ತಾಯಿ ಜಂಬಮ್ಮ ಚೊಂಬಿನಲ್ಲಿ ನೀರು ತಂದಿಟ್ಟು ಒಂದು ಮಾತೂ ಆಡದೆ ಒಳಗೆ ಹೋಗುತ್ತಿದ್ದಳು. ಬೈದಿದ್ದರಾದರೂ ಚೆನ್ನಾಗಿತ್ತು ಅನ್ನುತ್ತಿದ್ದಳು ಅರುಣಾ. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಿಲ್ಲ. ತಂದ ಬುತ್ತಿ ಹಾಗೇ ವಾಪಸ್ಸು ಹೋಗುತ್ತಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಜಂಬಮ್ಮ, ಗಾದಿಲಿಂಗಪ್ಪ ಇಬ್ಬರೂ ಭಾನುವಾರ ಶಿವಲೀಲಾಳನ್ನು ನೋಡಲು ಕುರುಗೋಡಿಗೆ ಹೋಗುತ್ತಾರೆಂದು ದುರ್ಗಿಯೇ ಬಂದು ಹೇಳಿದಳು. ಆ ಭಾನುವಾರ ಬಳ್ಳಾರಿಯಿಂದ ನಾವಿಬ್ಬರೂ ಕುರುಗೋಡಿನ ಬಸ್ಸು ಹತ್ತಿದೆವು.

"ಏನ್ ಹೇಳಬೇಕಂತ ಮಾಡೀ?" ಕೇಳಿದೆ.

"ಸುಳ್ಳು ಹೇಳ್ತೀನಿ ಅಕ್ಕಾ," ಅಂದಳು ಕಿಟಕಿಯ ಹೊರಗೆ ನೋಡುತ್ತಾ. "ಫೋಟೊಕ್ಕಂತ ನಾನಾ ಆಕಿ ಕೈಯಾಗ ಮೊಟ್ಟಿ ಇಟ್ಟೆ ಅಂತೀನಿ. ಹಂಗಂತ ಆಫೀಸಿಗೂ ಬರಕೊಡ್ತೀನಿ. ಊರ ಗುಂಪಿಗೆ ಅದನ್ನಾ ಹಾಕ್ರಿ ಅಂತೀನಿ."

"ನಿನ್ನ ಕೆಲಸ ಹೋಗ್ತೈತಿ. ಗುರುಸ್ವಾಮಿ ಗತಿ ಏನು?"

"ಅಕ್ಕಾ, ಆ ಹುಡುಗಿ ಸಾಲಿಗೆ ಬಂದ್ರ ಸಾಕು. ಉಳಿದಿದ್ದು ನನಗ ಏನೂ ಕಾಣವಲ್ದು."

ನಾನು ಬೈಯಲಿಲ್ಲ. ನಾನೂ ಹೂಂ ಅನ್ನುತ್ತೇನೆ, ಟೀಚರು ಸಾಕ್ಷಿ ಹೇಳಿದರೆ ನಂಬುತ್ತಾರೆ ಅಂದೆ.

ಶಿವಲೀಲಾಳ ಅತ್ತೆಯ ಮನೆಯ ಅಂಗಳದ ತುಂಬ ಒಣ ಮೆಣಸಿನಕಾಯಿ ರಾಶಿ. ಘಾಟಿಗೆ ಇಬ್ಬರೂ ಸೀನಿದೆವು. ರಾಶಿಯ ಆಚೆ ಹೆಂಗಸರ ನಡುವೆ ಕೂತು ಶಿವಲೀಲಾ ತೊಟ್ಟು ಬಿಡಿಸುತ್ತಿದ್ದಳು. ನಮ್ಮನ್ನು ನೋಡಿ ಎದ್ದೇಳಹೋದವಳನ್ನು ಅತ್ತೆ ಕಣ್ಣಲ್ಲೇ ಕೂರಿಸಿದಳು. ಗಾದಿಲಿಂಗಪ್ಪ ಚಾಪೆ ಹಾಸಿದ. ಚಹಾ ಬಂತು. ಅರುಣಾ ಲೋಟ ಮುಟ್ಟದೆ ಸುಳ್ಳನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಸುಳ್ಳು ಹೇಳಿ ರೂಢಿಯಿಲ್ಲದವಳು, ಬೆವೆತು ಹೋದಳು.

"ನಿಮ್ಮ ಮಗಳು ಬಾಳಿಹಣ್ಣಿನ ಸಾಲಿನ್ಯಾಕೀರಿ ಅಣ್ಣಾರ. ನಾನಾ ಕರದು ಕೈಯಾಗ ಕೊಟ್ಟೆ. ಫೋಟೊ ಚಂದ ಬರ್ಲಿ ಅಂತ. ತಪ್ಪು ನಂದು."

"ಹೌದ್ರಿ, ನಾನೂ ಅಲ್ಲೇ ಇದ್ದೆ," ಅಂದೆ ನಾನು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯ.

ಗಾದಿಲಿಂಗಪ್ಪ ತನ್ನ ಲೋಟ ಕೆಳಗಿಟ್ಟ. "ಇದನ್ನ ಬರದು ಕೊಡ್ತೀರೇನ್ರಿ?" ಎಂದು ಕೇಳಿದ.

"ಈಗಾ ಕೊಡ್ತೀನ್ರಿ. ಕೆಲಸ ಹೋದ್ರ ಹೋಗ್ಲಿ."

ಅವನ ಭುಜ ಸಡಿಲವಾಯಿತು. ಮಗಳೆಂದರೆ ಪ್ರಾಣ ಅವನಿಗೆ. ಅವನಿಗೂ ಇಂಥದ್ದೊಂದು ದಾರಿ ಬೇಕಾಗಿತ್ತು. "ಹಂಗಾದ್ರ ಪರೀಕ್ಷಿ ಹತ್ರ ಬಂತು..." ಎಂದು ತಾಯಿಯ ಕಡೆ ನೋಡಿದ. ನಾನು ಚಾಪೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಯಿತು, ಗೆದ್ದೆವು ಅಂದುಕೊಂಡೆ.

ಜಂಬಮ್ಮ ಎಲೆಯಡಿಕೆ ಕೆಳಗಿಟ್ಟಳು. "ಲೀಲಾ, ಬಾ ಇಲ್ಲೆ," ಅಂದಳು.

ಹುಡುಗಿ ಬಂದು ನಿಂತಳು. ಮೆಣಸಿನಕಾಯಿಗೆ ಬೆರಳೆಲ್ಲ ಕೆಂಪಾಗಿದ್ದವು.

"ನಿಮ್ಮ ಮಿಸ್ ಹೇಳಿದ್ದು ಕೇಳಿದೆಲ್ಲ? ಖರೇನ?"

ಅರುಣಾ ಅವಳನ್ನೇ ನೋಡಿದಳು. ಹೂಂ ಅನ್ನು, ಒಂದು ಸಲ ಹೂಂ ಅನ್ನು ಎಂದು ಅವಳ ಕಣ್ಣೆರಡೂ ಬೇಡುತ್ತಿದ್ದವು. ಹುಡುಗಿ ಮಿಸ್ಸಿನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ಆಮೇಲೆ ಅವಳ ಬಲಗೈ ನಿಧಾನಕ್ಕೆ ಎದೆಯ ಮೇಲೆ ಹೋಯಿತು. ಅಯ್ಯೋ ಬೇಡವೇ ಎಂದು ನನ್ನ ಕರುಳು ಕೂಗಿತು.

"ಇಲ್ಲಮ್ಮ. ಮಿಸ್ ಸುಳ್ಳು ಹೇಳಾಕತ್ತಾರ," ಅಂದಳು. ದನಿ ನಡುಗುತ್ತಿತ್ತು. "ನಾನಾ ತಗಂತಿದ್ದೆ, ನಾನಾ ದುರ್ಗಿಗೆ ಕೊಡ್ತಿದ್ದೆ. ಜೂನಿಂದ. ಲಿಂಗದಾಣಿ, ನಾ ಒಂದಿನಾನೂ ಬಾಯಾಗ ಇಟ್ಟಿಲ್ಲ. ಅಪ್ಪಾ, ನೀ ಮಿಸ್ ಕೈಲಿ ಬರಿಸಿಕೋಬ್ಯಾಡ. ಅವರ ಗಂಡಗ ಕಾಲು ಮುರದೈತಿ. ಕೆಲಸ ಹೋದ್ರ ಅವರು ಹೆಂಗ ಉಣಬೇಕು?"

ಅಂಗಳದಲ್ಲಿ ತೊಟ್ಟು ಮುರಿಯುವ ಸದ್ದೂ ನಿಂತಿತು. ಅಷ್ಟೂ ಹೆಂಗಸರು ಕೇಳಿಸಿಕೊಂಡಿದ್ದರು. ಗಾದಿಲಿಂಗಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ಎದ್ದು ಹೊರಗೆ ಹೋದ.

ಜಂಬಮ್ಮನಿಗೆ ಸಿಟ್ಟು ಬಂದಿರಲಿಲ್ಲ. ಬಂದಿದ್ದರೆ ಕಾಲು ಹಿಡಿಯಬಹುದಿತ್ತು. "ಕೊಟ್ಟಿದ್ದು ತಪ್ಪಂತ ನಾ ಅನ್ನಂಗಿಲ್ರಿ ಟೀಚರ್," ಎಂದಳು ನನ್ನ ಕಡೆ ತಿರುಗಿ. "ದಾಸೋಹ ಮಾಡಿದ ಮನಿ ನಮ್ದು. ಆದ್ರ ನೋಡ್ರಿ, ಅಷ್ಟು ತಿಂಗಳು ನಮ್ಮ ಕಣ್ಣಿಗೆ ಮಣ್ಣು ಹಾಕ್ಯಾಳ. ಇವತ್ತ ಹತ್ತು ಮಂದಿ ಮುಂದ ನಿಂತು ಎದಿ ಮುಟಗಂಡು ಹೇಳ್ತಾಳ. ನನಗ ಈಕಿ ಅಂಜಿಕಿ ಬರ್ತೈತ್ರಿ. ಇಂಥಾಕಿ ನಾಳೆ ಇನ್ನೇನು ಯಾರಿಗೆ ಕೊಟ್ಟು ಬರ್ತಾಳೋ. ಸಾಕು ಸಾಲಿ." ಆಮೇಲೆ ಒಳಗೆ ಕೂಗಿದಳು: "ರೊಟ್ಟಿ ಹಚ್ರೇ, ಉಂಡು ಹೋಗ್ತಾರ."

ಉಣ್ಣದೆ ಎದ್ದರೆ ಅದಕ್ಕೂ ಒಂದು ಅರ್ಥ ಹುಟ್ಟುತ್ತದೆಂದು ಉಂಡೆವು. ಬಡಿಸಿದವಳು ಶಿವಲೀಲಾ. 

ಹೊರಡುವಾಗ ಅತ್ತೆ ಒಂದು ಚೀಲ ಮೆಣಸಿನಕಾಯಿ ಕಟ್ಟಿಕೊಟ್ಟಳು. ಅದನ್ನು ಹಿಡಿದುಕೊಂಡು ಹುಡುಗಿ ಬಾಗಿಲವರೆಗೆ ಬಂದಳು. ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದಳು.

"ಮಿಸ್, ನನಗ ಕಾಲು ನಡುಗಾಕತ್ತಿದ್ವು. ಆದ್ರೂ ಹೇಳಿದೆ. ಛಲೋ ಮಾಡಿದ್ನೇನ್ರಿ?"

ಇಲ್ಲ ಅನ್ನು, ಹಾಳಾದವಳೇ, ನಿನ್ನ ಬಾಳು ನೀನೇ ಕೆಡಿಸಿಕೊಂಡೆ ಅನ್ನು ಎಂದು ನಾನು ಒಳಗೊಳಗೇ ಚೀರಿದೆ. ಅರುಣಾ ಚೀಲ ಇಸಿದುಕೊಂಡು ಕೆಳಗಿಟ್ಟಳು. ಆ ಕೆಂಪು ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಭಾಳ ಛಲೋ ಮಾಡಿದ್ಯವ್ವಾ," ಅಂದಳು.

ಹುಡುಗಿಯ ಮುಖ ಅರಳಿತು. ಓಡುತ್ತಾ ಒಳಗೆ ಹೋಗಿ, ರಾಶಿಯ ಮುಂದೆ ಕೂತು, ಮತ್ತೆ ತೊಟ್ಟು ಬಿಡಿಸತೊಡಗಿದಳು.