ಅರ್ಧ ಎದ್ದು ಕೂತವನು

ನಮ್ಮ ಅಡುಗೆಮನೆಯ ಗೂಡಿನಲ್ಲಿ, ಸಾಸಿವೆ ಡಬ್ಬಿಯ ಪಕ್ಕದಲ್ಲಿ, ನೆತ್ತಿಯ ಮೇಲೆ ಒತ್ತಿದರೆ ‘ಠಿಂಗ್’ ಎನ್ನುವ ಒಂದು ಹಿತ್ತಾಳೆ ಗಂಟೆ ಇದೆ. ಕಚೇರಿಗಳಲ್ಲಿ ದೊಡ್ಡವರ ಬಲಗೈಯ ಬಳಿ ಕೂತಿರುತ್ತದಲ್ಲ, ಅದೇ ಜಾತಿಯದು. ಕಾಫಿ ಸಿದ್ಧವಾದಾಗ ನನ್ನ ಹೆಂಡತಿ ಗೌರಮ್ಮ ಅದನ್ನು ಒತ್ತುತ್ತಾಳೆ. ಮಹಾರಾಣಿಯ ಹಾಗೆ ಗಂಟೆ ಹೊಡೆದು ಗಂಡನನ್ನು ಕರೆಸಿಕೊಳ್ಳುತ್ತಾಳಲ್ಲ ಎಂದು ನಗಬೇಡಿ. ಈ ಗಂಟೆ ಅಡುಗೆಮನೆಗೆ ಬರುವ ಮೊದಲು ನನ್ನ ಎದೆಯೊಳಗೇ ಬಿಡಾರ ಹೂಡಿತ್ತು.

ಆಗ ನಾನು ಶಿವಮೊಗ್ಗದಿಂದ ಬೆಳಗಿನ ರೈಲು ಹಿಡಿದು ಭದ್ರಾವತಿಗೆ ಹೋಗಿ, ಅಲ್ಲಿನ ಒಂದು ಕಾರ್ಖಾನೆಯ ಉಗ್ರಾಣದ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಗುಮಾಸ್ತನೆಂದರೆ ಹಂಗಾಮಿ. ಖಾಯಂ ಆಗಬೇಕಾದರೆ ನಮ್ಮ ಸೂಪರಿಂಟೆಂಡೆಂಟ್ ಸದಾಶಿವಯ್ಯನವರು ಮೇಲಿನವರಿಗೆ ‘ಈತ ಪರವಾಗಿಲ್ಲ’ ಎಂದು ಒಂದು ಮಾತು ಹೇಳಬೇಕಿತ್ತು. ಅವರೋ, ಮಾತಿನ ಕೆಲಸವನ್ನೆಲ್ಲ ಗಂಟೆಗೆ ಒಪ್ಪಿಸಿ ಕೂತವರು. ಒಂದು ಸಲ ಒತ್ತಿದರೆ ಜವಾನ ತಿಮ್ಮಣ್ಣ ಹೋಗಬೇಕು, ಎರಡಕ್ಕೆ ನಾನು, ಮೂರಕ್ಕೆ ನಮ್ಮ ಹಿರಿಯ ಗುಮಾಸ್ತ ಮುನುಸ್ವಾಮಿ.

ಕೇಳುವುದಕ್ಕೆ ಎಷ್ಟು ಅಚ್ಚುಕಟ್ಟು! ಆದರೆ ಸ್ವಲ್ಪ ಯೋಚಿಸಿ ನೋಡಿ. ಎರಡು ಬರಬೇಕಾದರೆ ಮೊದಲು ಒಂದು ಬರಲೇಬೇಕಷ್ಟೆ? ಆ ಒಂದು ಕೇಳಿದ ಕೂಡಲೇ ನಾನು ಕುರ್ಚಿಯಿಂದ ಅರ್ಧ ಏಳುತ್ತಿದ್ದೆ. ಎರಡನೆಯದು ಬಾರದಿದ್ದರೆ ಕೂರುತ್ತಿದ್ದೆ. ಬಂದರೆ, ಮೂರನೆಯದೂ ಬಂದೀತೇನೋ ಎಂದು ಬಾಗಿದ ಮೊಣಕಾಲಿನಲ್ಲೇ ಕಿವಿ ನಿಮಿರಿಸಿಕೊಂಡು ನಿಲ್ಲುತ್ತಿದ್ದೆ. ಹೀಗೆ ಕೂತದ್ದೂ ಅಲ್ಲದ, ನಿಂತದ್ದೂ ಅಲ್ಲದ ಒಂದು ತ್ರಿಶಂಕು ಆಸನದಲ್ಲಿ ನನ್ನ ಯೌವನ ಕಳೆಯುತ್ತಿತ್ತು. ತೊಡೆ ನೋವೆಂದು ಶಿವಮೊಗ್ಗದ ಡಾಕ್ಟರ ಬಳಿ ಹೋದರೆ ಅವರು ಒತ್ತಿ ನೋಡಿ, “ಗದ್ದೆ ಕೆಲಸವೋ, ಮೂಟೆ ಹೊರೋದೋ?” ಎಂದು ಕೇಳಿದರು. “ಕೂತು ಬರೆಯೋ ಕೆಲಸ ಸಾರ್” ಎಂದೆ. ಅವರು ತೊಡೆಯನ್ನು ಇನ್ನೊಮ್ಮೆ ಒತ್ತಿ ನೋಡಿ ಮುಲಾಮು ಬರೆದುಕೊಟ್ಟರು.

ಮುಲಾಮು ತೊಡೆಗೆ ಹತ್ತಿತೇ ಹೊರತು ಕಿವಿಗೆ ಹತ್ತಲಿಲ್ಲ. ಗಾಂಧಿ ಬಜಾರಿನಲ್ಲಿ ಹಿಂದಿನಿಂದ ಸೈಕಲ್ಲಿನವನು ಬೆಲ್ ಮಾಡಿದರೆ ನಾನು ತರಕಾರಿ ಚೀಲದೊಂದಿಗೆ ಅಟೆನ್ಷನ್ ನಿಲ್ಲುತ್ತಿದ್ದೆ. ಊಟಕ್ಕೆ ಕೂತಾಗ ಚಮಚ ಲೋಟಕ್ಕೆ ತಾಗಿದರೆ ಮಣೆಯಿಂದ ಅರ್ಧ ಏಳುತ್ತಿದ್ದೆ. “ರೀ, ಒಂದೋ ಕೂತ್ಕೊಳ್ಳಿ, ಇಲ್ಲಾ ಎದ್ದು ಹೋಗಿ. ಹೀಗೆ ತೂಗಾಡೋರಿಗೆ ಸಾರು ಎಲ್ಲಿಗೆ ಬಡಿಸ್ಲಿ ನಾನು?” ಎಂದು ಗೌರಮ್ಮ ಸೌಟು ಹಿಡಿದು ಕಾಯುತ್ತಿದ್ದಳು. ನಿಜ ಹೇಳಬೇಕೆಂದರೆ ಕೆಲಸ ನನ್ನನ್ನು ದಣಿಸಲೇ ಇಲ್ಲ. ನಟ್ಟು ಬೋಲ್ಟುಗಳ ಲೆಕ್ಕ ಬರೆದು ಯಾರು ದಣಿದಾರು? ದಣಿಸಿದ್ದು ಆ ಕರೆಗಾಗಿ ಕಾಯುವ ಕೆಲಸ, ಅದಕ್ಕೆ ಭಾನುವಾರವೂ ರಜೆ ಇರಲಿಲ್ಲ.

ಶ್ರಾವಣದ ಒಂದು ಸೋಮವಾರ ಸದಾಶಿವಯ್ಯನವರು ತಮ್ಮ ಕ್ವಾರ್ಟರ್ಸಿನಲ್ಲಿ ಶಿವಪೂಜೆ ಇಟ್ಟುಕೊಂಡು ನಮ್ಮನ್ನೆಲ್ಲ ಕರೆದರು. ಜಮಖಾನದ ಮೇಲೆ ಸಾಲಾಗಿ ಕೂತೆವು. ಮಡಿಯುಟ್ಟ ಸದಾಶಿವಯ್ಯನವರು ಮುಂದೆ. ಪೂಜೆಯ ಅಯ್ಯನವರು ವಯಸ್ಸಾದವರು, ಕೈ ನಿಧಾನ. ಅವರು ಕೈಗಂಟೆ ಎತ್ತಿ ಒಮ್ಮೆ ಆಡಿಸಿದರು. ತಿಮ್ಮಣ್ಣ ಎದ್ದು ನಿಂತ. ಇನ್ನೊಮ್ಮೆ ಆಡಿಸಿದರು. ನಾನು ಎದ್ದೆ. ಮತ್ತೊಮ್ಮೆ ಆಡಿಸಿದಾಗ ಮುನುಸ್ವಾಮಿ “ಅಯ್ಯೋ ಕಡವುಳೇ” ಎಂದು ತನ್ನ ತಮಿಳಿನಲ್ಲಿ ದೇವರನ್ನು ಕರೆಯುತ್ತ ಪಂಚೆ ಸರಿಮಾಡಿಕೊಂಡು ಎದ್ದ. ನಾಲ್ಕನೆಯದು ಬಿತ್ತು ನೋಡಿ, ಸಾಕ್ಷಾತ್ ಸದಾಶಿವಯ್ಯನವರೇ ಬಿಲ್ವಪತ್ರೆಯ ತಟ್ಟೆ ಸಮೇತ ಧಡಕ್ಕನೆ ಎದ್ದು, “ಬಂದೆ ಸಾರ್!” ಎಂದರು.

ಉಳಿದವರೆಲ್ಲ ಶಿವನ ಕಡೆ ತಿರುಗಿ ಕೈ ಮುಗಿದರು. ನನಗೆ ಮಾತ್ರ ಎಲ್ಲಿತ್ತೋ ನಗು, ತಡೆದಷ್ಟೂ ಮೂಗಿನಿಂದ ಬಂತು. ಅವರು ತಿರುಗಿ ನೋಡಿದರು. ಖಾಯಮ್ಮಿನ ಆಸೆ ಅಲ್ಲಿಗೆ ಮುಗಿಯಿತೆಂದುಕೊಂಡೆ. 

ಮರುದಿನ ಕಚೇರಿಯಲ್ಲಿ ಎರಡು ಸಲ ಗಂಟೆ ಬಡಿಯಿತು. ಹೋಗಿ ನಿಂತೆ.

“ಕೂತ್ಕೊಳ್ಳಿ ರೇವಣ್ಣ” ಎಂದರು. ಅವರ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. “ನಾನು ಗುಮಾಸ್ತನಾಗಿದ್ದಾಗ ನನಗೆ ನಾಲ್ಕು. ನನ್ನ ಸರದಿ ಬರೋ ಹೊತ್ತಿಗೆ ಮೂರು ಸಲ ಜೀವ ಹೋಗಿ ಬರ್ತಿತ್ತು ಮಾರಾಯ್ರೇ. ಆ ಸಾಹೇಬರು ನಿವೃತ್ತರಾಗೋವಾಗ ಪ್ರೀತಿಯಿಂದ ಈ ಗಂಟೇನ ನನಗೇ ಕೊಟ್ಟು ಹೋದ್ರು. ನಾನೇ ಒತ್ತಿದ್ರೂ ಇವತ್ತಿಗೂ ಎದೆ ಹೊಡ್ಕೊಳ್ಳತ್ತೆ.”

“ಮತ್ತೆ ಯಾಕೆ ಸಾರ್ ಒತ್ತೋದು?”

ಅವರು ಗಂಟೆಯನ್ನು ನೋಡಿದರು. “ಕೈಗೆ ಸಿಗೋ ಹಾಗೆ ಇತ್ತಲ್ಲ” ಎಂದರು. ಪಾಪ ಅನ್ನಿಸಿತು ನನಗೆ. ನಾವು ಮೂವರೂ ಗೋಡೆಯ ಆಚೆ ಅರ್ಧ ಎದ್ದು ಕೂತಿದ್ದರೆ, ಈಚೆ ಒಬ್ಬರು ನಾಲ್ಕನೆಯದಕ್ಕೆ ಇನ್ನೂ ಕಾಯುತ್ತಲೇ ಇದ್ದರು. ಅವರು ಗಂಟೆಯನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಗಿಟ್ಟು, “ಮನೆಗೆ ಒಯ್ದುಬಿಡಿ, ಇಲ್ಲಿ ಬೇಡ. ನಿಮ್ಮ ವಿಷಯ ಮೇಲೆ ಹೇಳಿದೀನಿ, ಖಾಯಂ ಆಗತ್ತೆ” ಎಂದರು. ಅಂದಿನಿಂದ ಹೆಸರು ಹಿಡಿದೇ ಕೂಗತೊಡಗಿದರು. ಅವರ ಕಂಠ ಎಂಥದೆಂದರೆ “ರೇವಣ್ಣಾ” ಎಂದರೆ ಪಕ್ಕದ ಕಚೇರಿಯ ರೇವಣ್ಣನೂ ಓಡಿ ಬರುತ್ತಿದ್ದ. ಆದರೂ ನನ್ನ ತೊಡೆ ನೋವು ವಾಸಿಯಾಯಿತು.

ಗೌರಮ್ಮ ಮೊದಲ ದಿನ ಕಾಫಿಗೆ ಒಂದೇ ಸಲ ಒತ್ತಿದಳು. ನಾನು ಪಡಸಾಲೆಯಲ್ಲಿ ಅರ್ಧ ಎದ್ದು ಕಾದೆ. ಕಾಫಿ ಆರಿತು, ಅವಳು ಬೈದಳು, ನಾನು ಕಾರಣ ಹೇಳಿದೆ. ಅವಳು ಲೋಟವನ್ನು ಒಳಗೆ ಒಯ್ದು ಬಿಸಿ ಮಾಡಿದಳು. ಆಮೇಲೆ ಗೂಡಿನ ಕಡೆಯಿಂದ ‘ಠಿಂಗ್’ ಎಂದಿತು, ಬೆನ್ನಿಗೇ ಇನ್ನೊಂದು ‘ಠಿಂಗ್’. ಇವತ್ತಿಗೂ ಅವಳು ಎರಡೇ ಸಲ ಒತ್ತುತ್ತಾಳೆ. ಮೂರನೆಯದು ಬರುವುದಿಲ್ಲವೆಂದು ನನಗೆ ಗೊತ್ತು, ಅದಕ್ಕೇ ಪೂರ್ತಿ ಎದ್ದು ಹೋಗುತ್ತೇನೆ.