ಕುಂಕುಮ ಹಚ್ಚಿದ ಷೇರು ಪತ್ರ

ನಮ್ಮ ಬ್ಯಾಂಕು ದೊಡ್ಡ ಬ್ಯಾಂಕಿನಲ್ಲಿ ವಿಲೀನವಾಗುವ ವರ್ಷ ಅದರ ಇತಿಹಾಸ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ನಿವೃತ್ತಿ ಹತ್ತಿರ ಬಂದಿರುವ ಗುಮಾಸ್ತ, ಅಕ್ಷರ ದುಂಡಗಿದೆ, ಬರೆಯಲಿ ಎಂದರು ನಿರ್ದೇಶಕರು. ಅಕ್ಷರ ದುಂಡಗಿದ್ದವರೆಲ್ಲ ಇತಿಹಾಸ ಬರೆಯಬಲ್ಲರೆಂದು ಅವರಿಗೆ ಯಾರು ಹೇಳಿದರೋ. ಆದರೂ ನಾನು ಒಳಗೊಳಗೇ ಹಿಗ್ಗಿದೆ.

ಹಳಿಯಾಳದ ಪೇಟೆಯಲ್ಲಿ ಬೆಲ್ಲದ ಅಂಗಡಿಯೊಂದರ ಅಟ್ಟದ ಮೇಲೆ ಹುಟ್ಟಿದ ಬ್ಯಾಂಕು ಅದು. ಈ ಸೀಮೆಯ ದುಡ್ಡನ್ನು ಈ ಸೀಮೆಯ ಉದ್ಯೋಗಗಳಲ್ಲೇ ಹಾಕಬೇಕೆಂಬುದು ಅದನ್ನು ಕಟ್ಟಿದ ವ್ಯಾಪಾರಿಗಳ ಹಟ. ಮುಂಡಗೋಡದ ಅಕ್ಕಿ ಗಿರಣಿ, ದಾಂಡೇಲಿಯ ಕಟ್ಟಿಗೆ ಮಿಲ್ಲು, ಆಮೇಲೆ ಜೋಯಿಡಾ ಕಡೆಯ ರೆಸಾರ್ಟುಗಳು, ಎಲ್ಲದರಲ್ಲೂ ನಮ್ಮ ಪಾಲಿತ್ತು. ಸೂಪಾ ಅಣೆಕಟ್ಟಿಗೆ ಮನೆ ಕಳೆದುಕೊಂಡವರು ಪರಿಹಾರದ ಹಣವನ್ನೂ ನಮ್ಮಲ್ಲೇ ತಂದಿಟ್ಟಿದ್ದರು. ಅದನ್ನು ನಾನು ‘ಜನರ ವಿಶ್ವಾಸ’ ಎಂಬ ಅಧ್ಯಾಯದಲ್ಲಿ ಸೇರಿಸಿದೆ.

ಷೇರು ಪತ್ರ ಕೊಡುವಾಗ ಮೂಲೆಗೊಂದು ಕುಂಕುಮದ ಬೊಟ್ಟಿಟ್ಟು ಕೊಡುವುದು ನಮ್ಮ ಪದ್ಧತಿ. ಆ ಬೊಟ್ಟು ಇಡುತ್ತಿದ್ದವನೂ ನಾನೇ. ಜನ ಪತ್ರವನ್ನು ಮನೆಗೆ ಒಯ್ದು ದೇವರ ಜಗಲಿಯ ಮೇಲಿಟ್ಟು, ಪ್ರತಿ ದೀಪಾವಳಿಯ ಲಕ್ಷ್ಮೀಪೂಜೆಗೆ ಅರಿಸಿನ ಕುಂಕುಮ ಏರಿಸಿ ನೀರು ಚಿಮುಕಿಸುತ್ತಿದ್ದರು. ವ್ಯಾಪಾರಸ್ಥರು ಜಾಣರು, ತಮ್ಮ ಪತ್ರಕ್ಕೆ ಗಾಜಿನ ಕಟ್ಟು ಹಾಕಿಸಿದ್ದರು.

ವಿಲೀನದ ನೋಟಿಸು ಬಂತು. ಕೊನೆಯ ದಿನದೊಳಗೆ ಹಳೆಯ ಪತ್ರ ತೋರಿಸಿದವರ ಹೆಸರು ಮಾತ್ರ ಹೊಸ ಬ್ಯಾಂಕಿನ ಕಂಪ್ಯೂಟರಿಗೆ ಏರುತ್ತಿತ್ತು. ಹತ್ತಿರದ ಹಳ್ಳಿಯಿಂದ ಸಿದ್ದಿ ಮುದುಕಿಯೊಬ್ಬಳು ಬಂದಳು. ತೀರಿಹೋದ ಆಕೆಯ ಗಂಡ ದಾಂಡೇಲಿಯ ಮಿಲ್ಲಿನಲ್ಲಿ ದಿಮ್ಮಿ ಹೊತ್ತವನು. ಅಲ್ಲಿ ಬೋನಸ್ಸಿನ ಬದಲು ನಮ್ಮ ಷೇರು ಕೊಟ್ಟಿದ್ದರು. ಆಕೆ ಪ್ಲಾಸ್ಟಿಕ್ ಚೀಲದಿಂದ ಪತ್ರ ತೆಗೆದಳು. ಹೆಸರು, ನಂಬರು ಎಲ್ಲ ಕಲಸಿ ಕೆಂಪು ಹಳದಿ ಕಲೆಯಾಗಿತ್ತು.

ಹೊಸ ಬ್ಯಾಂಕಿನಿಂದ ಬಂದಿದ್ದ ಅಧಿಕಾರಿ ಬೆಳಕಿಗೆ ಹಿಡಿದು ನೋಡಿದ. “ಏನೂ ಕಾಣಿಸ್ತಿಲ್ಲಮ್ಮ. ಹಳೇ ಷೇರು ರಿಜಿಸ್ಟರ್ ಸಿಕ್ಕಿದ್ರೆ ಹೆಸರು ನೋಡಿ ಮಾಡಿಕೊಡಬಹುದು.” ನನ್ನ ಕಡೆ ತಿರುಗಿ, “ಎಲ್ಲಿದೆ ಅದು?” ಎಂದ.

“ಹುಡುಕತೇನ್ರಿ” ಎಂದೆ.

ರಿಜಿಸ್ಟರು ನಮ್ಮ ಮನೆಯ ಕಪಾಟಿನಲ್ಲಿತ್ತು. ಇತಿಹಾಸ ಬರೆಯಲೆಂದು ಯಾರಿಗೂ ಹೇಳದೆ ಒಯ್ದಿದ್ದೆ. ಕಚೇರಿಯ ಪುಸ್ತಕ ಮನೆಗೆ ಒಯ್ದದ್ದಕ್ಕೆ ವಿಚಾರಣೆ ಕೂತರೆ ನನ್ನ ಗ್ರ್ಯಾಚುಟಿ ನಿಲ್ಲುತ್ತಿತ್ತು.

ಆಕೆ ನನ್ನ ಮೇಜಿನ ಹತ್ತಿರ ಬಂದಳು. “ಸಾಹೇಬ್ರ, ಮೊಮ್ಮಗಳಿಗೆ ಧಾರವಾಡದಾಗ ನರ್ಸಿಂಗ್ ಸೀಟ್ ಸಿಕ್ಕೈತ್ರಿ. ಇದರ ರೊಕ್ಕ ಬಂದ್ರನ ಫೀ ಕಟ್ಟೂದು. ನೀವರ ನೋಡ್ರಿ.”

“ನೋಡತೇನಿ, ನೀ ಹೋಗವ್ವ.”

ಮನೆಗೆ ಬಂದು ಪುಟ ತೆರೆದೆ. ಆಕೆಯ ಗಂಡನ ಹೆಸರು, ಹೆಬ್ಬೆಟ್ಟು, ಪಕ್ಕದಲ್ಲಿ ಸಾಕ್ಷಿಯಾಗಿ ನನ್ನದೇ ಸಹಿ. ನಾಳೆ ಸದ್ದಿಲ್ಲದೆ ಕಚೇರಿಯಲ್ಲಿ ಇಟ್ಟುಬಿಡೋಣ ಎಂದುಕೊಂಡೆ. ಮರುದಿನದಿಂದ ಹೊಸ ಬ್ಯಾಂಕಿನ ಕಾವಲುಗಾರ ಬಾಗಿಲಲ್ಲಿ ನಿಂತು ಎಲ್ಲರ ಚೀಲ ನೋಡತೊಡಗಿದ. ನನಗೆ ಅಷ್ಟೇ ನೆಪ ಸಾಕಾಯಿತು. ಆಕೆ ಮತ್ತೆ ಮೂರು ಸಲ ಬಂದಳು. ಮೂರು ಸಲವೂ “ಹುಡುಕಾಕತ್ತೇನಿ” ಎಂದೆ. ಎದೆಯೊಳಗೆ ಏನಾದರೂ ಆಗಬೇಕಿತ್ತು, ಏನೂ ಆಗಲಿಲ್ಲ. ಆಕೆ ಮೆಟ್ಟಿಲಿಳಿದ ಮೇಲೆ ಬುತ್ತಿ ಬಿಚ್ಚಿ ಉಂಡೆ.

ಕೊನೆಯ ದಿನ ದಾಟಿತು. ಇತಿಹಾಸದ ಪುಸ್ತಕ ಬಿಡುಗಡೆಯಾಯಿತು, ನನಗೆ ಶಾಲು ಹೊದಿಸಿದರು. ಗ್ರ್ಯಾಚುಟಿಯೂ ಬಂತು.

ಆಮೇಲೊಂದು ದಿನ ಎಲ್ಲ ಹೇಳಿಬಿಡಬೇಕೆಂದು ಆಕೆಯ ಹಳ್ಳಿಗೆ ಹೋದೆ. ಮೊಮ್ಮಗಳು ರೆಸಾರ್ಟೊಂದರಲ್ಲಿ ಕೋಣೆ ಗುಡಿಸುವ ಕೆಲಸಕ್ಕೆ ಸೇರಿದ್ದಳು. ಮುದುಕಿ ಕಂಬಳಿ ಹಾಸಿ ಕೂರಿಸಿದಳು, ಚಹಾ ಕೊಟ್ಟಳು. ನಾನು ಮಾತು ತೆಗೆಯುವ ಮೊದಲೇ ಆಕೆಯೇ ಶುರು ಮಾಡಿದಳು.

“ನೀವರ ಏನ್ ಮಾಡ್ತೀರಿ ಪಾಪ, ಎಷ್ಟ್ ಹುಡುಕಿದ್ರಿ. ನಾನ ಹುಚ್ಚಿ, ಪೂಜಾ ಮಾಡಿ ಮಾಡಿ ಅಳಿಸಿಬಿಟ್ಟೆ. ಮಾಡಬಾರದಿತ್ತು, ಹೌದಲ್ರಿ?”

ಚಹಾದ ಲೋಟ ಕೆಳಗಿಟ್ಟೆ. “ಹೌದವ್ವ, ಮಾಡಬಾರದಿತ್ತು” ಎಂದೆ.